ವಾಹನದ ವಯಸ್ಸು, ರೀಕಾಲ್‌ನ ವಾಯಿದೆ

ಮೂರನೆಯ ಮಾಲೀಕನಾಗಿ ನಾನು ಕೊಂಡ ಹಳೆಯ ಎಸ್‌ಯುವಿಯ ಮೇಲೆ ಎರಡು ಸುರಕ್ಷತಾ ರೀಕಾಲ್‌ಗಳು ಬಾಕಿ ಇವೆ ಎಂಬುದು ನನಗೆ ತಿಳಿದದ್ದು ವಾಹನ ಕೈಗೆ ಬಂದ ಎರಡು ವರ್ಷಗಳ ನಂತರ, ಅದೂ ಯಾವುದೋ ಬಿಡಿಭಾಗ ಹುಡುಕುತ್ತಾ ತಯಾರಕರ ಜಾಲತಾಣದಲ್ಲಿ ಚಾಸಿಸ್ ನಂಬರ್ ನಮೂದಿಸಿದ ಕಾರಣಕ್ಕೆ. ಒಂದು ಚಾಲಕನ ಮುಂದಿನ ಏರ್‌ಬ್ಯಾಗಿಗೆ ಸಂಬಂಧಿಸಿದ್ದು, ಇನ್ನೊಂದು ಬ್ರೇಕ್ ವ್ಯವಸ್ಥೆಯ ವಿದ್ಯುತ್ ಘಟಕವೊಂದಕ್ಕೆ. ಎರಡಕ್ಕೂ ಪತ್ರಗಳು ಹೋಗಿದ್ದವು, ಆದರೆ ಮೊದಲ ಮಾಲೀಕರ ಹಳೆಯ ವಿಳಾಸಕ್ಕೆ. ನನಗೆ ಮಾರಿದವರು ಎಂಜಿನ್, ಟೈರು, ಎಸಿಗಳ ಬಗ್ಗೆ ಸಾಕಷ್ಟು ಮಾತನಾಡಿದ್ದರು. ರೀಕಾಲ್ ಎಂಬ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಬಣ್ಣ ಉಜ್ಜಿ ನೋಡಿದ ನನಗೆ ಗಾಜಿನ ಮೂಲೆಯಲ್ಲಿ ಕಾಣುತ್ತಿದ್ದ ಚಾಸಿಸ್ ನಂಬರಿನ ಹದಿನೇಳು ಅಕ್ಷರಾಂಕಗಳನ್ನು ಬರೆದುಕೊಳ್ಳಬೇಕೆಂದು ತೋಚದಿದ್ದುದು ನನ್ನದೇ ತಪ್ಪು.

ರೀಕಾಲ್ ಎಂದರೆ ಕಂಪನಿ ವಾಹನವನ್ನು ಮರಳಿ ಪಡೆದು ಹಣ ಕೊಟ್ಟುಬಿಡುತ್ತದೆ ಎಂದು ಭಾವಿಸುವವರಿದ್ದಾರೆ. ಹಾಗಾಗುವುದು ಬಹಳ ಅಪರೂಪ. ಸಾಮಾನ್ಯವಾಗಿ ದೋಷವಿರುವ ಭಾಗವನ್ನು ಮಾಲೀಕರಿಂದ ಹಣ ಪಡೆಯದೆ ಸರಿಪಡಿಸಿ ಅಥವಾ ಬದಲಿಸಿ ಕೊಡುತ್ತಾರೆ. ವಾರಂಟಿಗೂ ಇದಕ್ಕೂ ಸಂಬಂಧವಿಲ್ಲ, ಆದ್ದರಿಂದ ವಾರಂಟಿ ಮುಗಿದು ದಶಕ ಕಳೆದ ವಾಹನಕ್ಕೂ ರೀಕಾಲ್ ಬರಬಹುದು. ಈ ವ್ಯವಸ್ಥೆಗೆ ಅಮೆರಿಕದಲ್ಲಿ ಕಾನೂನಿನ ಬಲ ಬಂದದ್ದು 1966ರ ವಾಹನ ಸುರಕ್ಷತಾ ಕಾಯ್ದೆಯಿಂದ. ಹಳೆಯ ಎಸ್‌ಯುವಿಗಳ ದೊಡ್ಡ ಪ್ರಕರಣಗಳು ಹೆಚ್ಚಾಗಿ ಅಲ್ಲಿಯ ದಾಖಲೆಗಳಲ್ಲೇ ಸಿಗುವುದರಿಂದ ನನ್ನ ಉದಾಹರಣೆಗಳೂ ಅಲ್ಲಿಯವೇ.

ದೋಷ ವಾಹನದ ಜೊತೆಗೆ ಹೋಗುತ್ತದೆ, ಸೂಚನೆ ಮಾತ್ರ ಮಾಲೀಕನ ವಿಳಾಸಕ್ಕೆ ಹೋಗುತ್ತದೆ. ವಾಹನ ಹೊಸದಿರುವಾಗ ಈ ಎರಡೂ ಒಂದೇ ಮನೆಯಲ್ಲಿರುತ್ತವೆ. ಕೈ ಬದಲಾದಂತೆಲ್ಲ ಅವು ಬೇರೆಯಾಗುತ್ತಾ ಹೋಗಿ, ಕೊನೆಗೆ ಡೀಲರ್‌ನ ಸರ್ವಿಸ್ ಸೆಂಟರ್‌ಗೆ ಕಾಲಿಡದೆ ಪರಿಚಯದ ಮೆಕ್ಯಾನಿಕ್‌ನ ಬಳಿಯೇ ಎಲ್ಲವನ್ನೂ ಮಾಡಿಸಿಕೊಳ್ಳುವ ಮೂರನೆಯ ಅಥವಾ ನಾಲ್ಕನೆಯ ಮಾಲೀಕನ ಹತ್ತಿರ ದೋಷ ಉಳಿಯುತ್ತದೆ, ಪತ್ರ ಎಲ್ಲೋ ಕಸದ ಬುಟ್ಟಿ ಸೇರಿರುತ್ತದೆ. ಹಳೆಯ ವಾಹನಗಳಲ್ಲಿ ರೀಕಾಲ್ ದುರಸ್ತಿ ಮುಗಿಯುವ ಪ್ರಮಾಣ ಕಡಿಮೆಯಾಗಿರುವುದಕ್ಕೆ ಮಾಲೀಕರ ಅಸಡ್ಡೆಯನ್ನು ಕಾರಣವಾಗಿ ತೋರಿಸುವುದು ವಾಡಿಕೆ. ಸುದ್ದಿಯೇ ತಲುಪದವನನ್ನು ಅಸಡ್ಡೆಯವನೆಂದು ಕರೆಯುವುದು ನನಗಂತೂ ನ್ಯಾಯವೆನಿಸುವುದಿಲ್ಲ.

ಇದು ಬರೀ ಅಂಚೆಯ ತೊಂದರೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಕೆಲವು ದೋಷಗಳು ವಯಸ್ಸಾದಷ್ಟೂ ಅಪಾಯಕಾರಿಯಾಗುತ್ತವೆ. ಜಪಾನಿನ ಟಕಾಟಾ ಕಂಪನಿ ತಯಾರಿಸಿದ ಏರ್‌ಬ್ಯಾಗ್‌ಗಳನ್ನೇ ನೋಡಿ. ಅಪಘಾತದ ಕ್ಷಣದಲ್ಲಿ ಚೀಲವನ್ನು ಉಬ್ಬಿಸುವ ಅನಿಲ ಉತ್ಪತ್ತಿಯಾಗುವುದು ಇನ್‌ಫ್ಲೇಟರ್ ಎಂಬ ಲೋಹದ ಡಬ್ಬಿಯೊಳಗೆ. ಅದಕ್ಕೆ ಟಕಾಟಾ ಬಳಸಿದ್ದು ಅಮೋನಿಯಂ ನೈಟ್ರೇಟ್. ತೇವವನ್ನು ಹೀರುವ ಗುಣವಿರುವ ಈ ರಾಸಾಯನಿಕದ ಬಿಲ್ಲೆಗಳು, ತೇವ ಹೀರುವ ಬೇರೆ ರಕ್ಷಕ ವಸ್ತು ಜೊತೆಗಿಲ್ಲದಿದ್ದಾಗ, ಹಗಲಿನ ಕಾವು ಮತ್ತು ರಾತ್ರಿಯ ತಂಪಿನ ಏರಿಳಿತಕ್ಕೆ ವರ್ಷಗಟ್ಟಲೆ ಸಿಕ್ಕಿ ಸಡಿಲವಾಗುತ್ತವೆ. ಸಡಿಲವಾದ ಬಿಲ್ಲೆ ಇರಬೇಕಾದುದಕ್ಕಿಂತ ವೇಗವಾಗಿ ಉರಿಯುತ್ತದೆ, ಒತ್ತಡ ತಾಳಲಾರದೆ ಡಬ್ಬಿ ಒಡೆಯುತ್ತದೆ, ಅದರ ಚೂರುಗಳು ಚೀಲವನ್ನು ಸೀಳಿಕೊಂಡು ಕುಳಿತವರ ಮುಖಕ್ಕೂ ಕುತ್ತಿಗೆಗೂ ಬಡಿಯುತ್ತವೆ. ಸಣ್ಣ ಡಿಕ್ಕಿಯಲ್ಲಿ ಏನೂ ಆಗದೆ ಇಳಿದು ಬರಬಹುದಾಗಿದ್ದವರು ರಕ್ಷಣೆಗೆಂದು ಇಟ್ಟ ಸಾಧನದಿಂದಲೇ ಸತ್ತಿದ್ದಾರೆ. 2008ರಲ್ಲಿ ಸಣ್ಣದಾಗಿ ಆರಂಭವಾದ ಈ ರೀಕಾಲ್ ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರ್‌ಗಳಿಗೆ ಹಬ್ಬಿತು. 2017ರಲ್ಲಿ ಟಕಾಟಾ ದಿವಾಳಿ ಅರ್ಜಿ ಹಾಕಿತು.

ಆ ಪ್ರಕರಣದ ಒಂದು ವಿವರ ನನ್ನನ್ನು ಬಹಳ ಕಾಡಿತು. 2016ರಲ್ಲಿ ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು 2001ರಿಂದ 2003ರ ಕೆಲವು ಹೋಂಡಾ ಮತ್ತು ಅಕ್ಯುರಾ ಮಾದರಿಗಳಲ್ಲಿ ಇನ್‌ಫ್ಲೇಟರ್ ಒಡೆಯುವ ಸಾಧ್ಯತೆ ಪರೀಕ್ಷೆಯಲ್ಲಿ ಶೇ. 50ರವರೆಗೂ ಕಂಡುಬಂದಿದೆ ಎಂದು ಎಚ್ಚರಿಸಿತು. ಆ ಪಟ್ಟಿಯಲ್ಲಿ 2002ರ ಸಿಆರ್-ವಿ ಮತ್ತು 2003ರ ಪೈಲಟ್ ಎಂಬ ಎಸ್‌ಯುವಿಗಳೂ ಇದ್ದವು. ಈ ವಾಹನಗಳಿಗೆ ರೀಕಾಲ್ ಘೋಷಣೆಯಾಗಿ ಆಗಲೇ ವರ್ಷಗಳಾಗಿದ್ದವು, ದುರಸ್ತಿಯಾಗದೆ ಉಳಿದವು ಮಾತ್ರ ರಸ್ತೆಯಲ್ಲೇ ಓಡುತ್ತಿದ್ದವು. ಇನ್ನೊಂದು ಸಂಗತಿ: ಬದಲಿ ಭಾಗಗಳ ಕೊರತೆಯಿದ್ದ ಕಾಲದಲ್ಲಿ ಕೆಲವು ವಾಹನಗಳಿಗೆ ಅದೇ ಬಗೆಯ ಹೊಸ ಇನ್‌ಫ್ಲೇಟರನ್ನೇ ತಾತ್ಕಾಲಿಕವಾಗಿ ಹಾಕಿ ಕಳುಹಿಸಿದರು. ಹೊಸದು ಕೆಡಲು ಕೆಲವು ವರ್ಷ ಹಿಡಿಯುತ್ತದೆ ಎಂಬ ಲೆಕ್ಕಾಚಾರ ತಪ್ಪಲ್ಲ. ಆದರೆ ಅಂಥ ವಾಹನದ ಮಾಲೀಕರಲ್ಲಿ ‘ರೀಕಾಲ್ ಮಾಡಿಸಿದ್ದೇನೆ’ ಎಂಬ ರಸೀತಿ ಇರುತ್ತದೆ, ಎರಡನೆಯ ಸಲ ಮಾಡಿಸಬೇಕಾದ್ದು ಬಾಕಿಯೂ ಇರುತ್ತದೆ. ಆದ್ದರಿಂದಲೇ ಮಾರುವವರು ‘ಅದೆಲ್ಲ ಆಗಿದೆ’ ಎಂದರೆ ನಾನು ಈಗ ನಂಬುವುದಿಲ್ಲ.

ಬೆಂಕಿಯ ದೋಷಗಳ ಸ್ವಭಾವ ಬೇರೆ. ಫೋರ್ಡ್ ಕಂಪನಿಯ ಎಸ್‌ಯುವಿಗಳೂ ಪಿಕಪ್‌ಗಳೂ ಸೇರಿದಂತೆ ಒಂದು ಕೋಟಿಗೂ ಹೆಚ್ಚು ವಾಹನಗಳು ಕ್ರೂಸ್ ಕಂಟ್ರೋಲ್ (ವೇಗವನ್ನು ತಾನಾಗಿಯೇ ಒಂದೇ ಮಟ್ಟದಲ್ಲಿಡುವ ವ್ಯವಸ್ಥೆ) ನಿಲ್ಲಿಸುವ ಒಂದು ಪುಟ್ಟ ಸ್ವಿಚ್ಚಿನ ಕಾರಣಕ್ಕೆ 1999ರಿಂದ 2009ರವರೆಗೆ ಹಂತ ಹಂತವಾಗಿ ರೀಕಾಲ್ ಆದವು. ಸ್ವಿಚ್ಚಿನ ಒಳಪದರ ಸವೆದು ಬ್ರೇಕ್ ಆಯಿಲ್ ವಿದ್ಯುತ್ ಭಾಗಕ್ಕೆ ಸೋರುತ್ತಿತ್ತು, ಆ ಭಾಗಕ್ಕೆ ಸದಾ ವಿದ್ಯುತ್ ಹರಿಯುತ್ತಿತ್ತು. ಹೀಗಾಗಿ ಕೀಲಿ ತೆಗೆದು ಮನೆಯೊಳಗೆ ಮಲಗಿದ್ದವರ ಗ್ಯಾರೇಜಿನಲ್ಲೂ ವಾಹನ ಹೊತ್ತಿಕೊಳ್ಳಬಹುದಿತ್ತು. 2023ರ ಸೆಪ್ಟೆಂಬರಿನಲ್ಲಿ ಹ್ಯುಂಡೈ ಮತ್ತು ಕಿಯಾ ಸಂಸ್ಥೆಗಳು 2010ರಿಂದ 2019ರವರೆಗಿನ ಸುಮಾರು 33.7 ಲಕ್ಷ ವಾಹನಗಳನ್ನು, ಸಾಂಟಾ ಫೆ, ಸೊರೆಂಟೊ, ಸ್ಪೋರ್ಟೇಜ್‌ಗಳನ್ನೂ ಸೇರಿಸಿ, ಬಹುಮಟ್ಟಿಗೆ ಇಂಥದ್ದೇ ಸೋರಿಕೆಯ ಅಪಾಯಕ್ಕಾಗಿ ಕರೆದು, ದುರಸ್ತಿಯಾಗುವವರೆಗೆ ಕಟ್ಟಡಗಳಿಂದ ದೂರ, ಬಯಲಿನಲ್ಲಿ ನಿಲ್ಲಿಸಿ ಎಂದವು. ಪರಿಹಾರವೆಂದು ಸೂಚಿಸಿದ್ದು ಫ್ಯೂಸ್ ಬದಲಾವಣೆ. ಸೋರುವ ಭಾಗವನ್ನು ಹಾಗೇ ಬಿಟ್ಟು, ಸೋರಿದರೂ ಹೊತ್ತದಂತೆ ವಿದ್ಯುತ್ತನ್ನು ಮಿತಿಗೊಳಿಸುವ ಈ ಉಪಾಯ ಕೆಲಸ ಮಾಡಬಹುದು. ಆದರೂ ಹದಿಮೂರು ವರ್ಷದ ವಾಹನಕ್ಕೆ ಘಟಕವನ್ನೇ ಬದಲಿಸಿಕೊಡುವಷ್ಟು ಯೋಗ್ಯತೆ ಇಲ್ಲವೆಂದು ಯಾರೋ ತೀರ್ಮಾನಿಸಿದ ಹಾಗೆ ನನಗೆ ಕಾಣುತ್ತದೆ.

ಜೀಪ್ ಪ್ರಕರಣದಲ್ಲಿ ಇದೇ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಹಿಂದಿನ ಆಕ್ಸಲ್‌ನ ಆಚೆ ಇಂಧನ ಟ್ಯಾಂಕ್ ಇದ್ದು, ಹಿಂದಿನಿಂದ ಡಿಕ್ಕಿಯಾದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದ್ದ ಗ್ರ್ಯಾಂಡ್ ಚೆರೋಕೀ ಮತ್ತು ಲಿಬರ್ಟಿ ವಾಹನಗಳಲ್ಲಿ 27 ಲಕ್ಷವನ್ನು ಹಿಂದಕ್ಕೆ ಕರೆಯುವಂತೆ 2013ರಲ್ಲಿ ಅದೇ ಸುರಕ್ಷತಾ ಆಡಳಿತ ಕೇಳಿದಾಗ ಜೀಪ್ ತಯಾರಿಸುವ ಕ್ರೈಸ್ಲರ್ ಮೊದಲು ಒಪ್ಪಲಿಲ್ಲ. ನಂತರ ಸುಮಾರು 15.6 ಲಕ್ಷಕ್ಕೆ ಒಪ್ಪಿತು. ಪರಿಹಾರವಾಗಿ ಕೊಟ್ಟದ್ದು ಹಿಂಬದಿಗೆ ಅಳವಡಿಸುವ, ಟ್ರೇಲರ್ ಎಳೆಯಲು ಬಳಸುವ ಕೊಂಡಿ. ಟ್ಯಾಂಕ್ ಇದ್ದಲ್ಲೇ ಇತ್ತು.

ಟೈರುಗಳದ್ದು ಮತ್ತೊಂದು ಕಥೆ. 2000ದ ಆಗಸ್ಟಿನಲ್ಲಿ ಫೈರ್‌ಸ್ಟೋನ್ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಿತು. ಅವುಗಳಲ್ಲಿ ಬಹಳಷ್ಟು ಫೋರ್ಡ್ ಎಕ್ಸ್‌ಪ್ಲೋರರ್‌ಗಳಲ್ಲಿದ್ದವು. ವೇಗದಲ್ಲಿರುವಾಗ ಟೈರಿನ ಮೇಲ್ಪದರ ಕಳಚಿಕೊಂಡರೆ ಎತ್ತರದ ಎಸ್‌ಯುವಿ ಸುಲಭವಾಗಿ ಪಲ್ಟಿಯಾಗುತ್ತಿತ್ತು. ಅದೇ ವರ್ಷ ಬಂದ ಕಾನೂನಿನ ಫಲವಾಗಿಯೇ ಈಗಿನ ವಾಹನಗಳಲ್ಲಿ ಟೈರಿನ ಗಾಳಿ ಇಳಿದರೆ ದೀಪ ಹೊತ್ತುತ್ತದೆ. ಟೈರಿನ ರೀಕಾಲ್ ಚಾಸಿಸ್ ನಂಬರಿನಲ್ಲಿ ಸಿಗುವುದಿಲ್ಲ ಎಂಬುದು ಬಹಳ ಜನರ ಗಮನಕ್ಕೆ ಬಂದಿರುವುದಿಲ್ಲ. ಟೈರಿನ ಗೋಡೆಯ ಮೇಲೆ ಅದರದೇ ಸಂಕೇತವಿರುತ್ತದೆ, ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ. ಓಡುವ ನಾಲ್ಕು ಟೈರುಗಳನ್ನು ಹೇಗೂ ಬದಲಿಸಿರುತ್ತೇವೆ. ಹಳೆಯ ಎಸ್‌ಯುವಿಯಲ್ಲಿ ನೋಡಬೇಕಾದದ್ದು ಯಾರೂ ಮುಟ್ಟದೆ ವಾಹನದ ಜೊತೆಗೇ ಮುದಿಯಾಗುತ್ತಾ ಬಂದ ಸ್ಟೆಪ್ನಿಯನ್ನು.

ಕಾನೂನಿಗೂ ವಯಸ್ಸಿನ ಗೆರೆಯಿದೆ. ಅಮೆರಿಕದಲ್ಲಿ ಉಚಿತ ದುರಸ್ತಿಯ ಹೊಣೆ ಮೊದಲ ಮಾರಾಟದಿಂದ 10 ವರ್ಷಗಳವರೆಗೆ ಮಾತ್ರ ಇತ್ತು, 2015ರ ಕಾನೂನು ಅದನ್ನು 15ಕ್ಕೆ ಏರಿಸಿತು. ಅಷ್ಟು ಹಳೆಯದಾದ ರೀಕಾಲ್‌ಗಳು ಅಲ್ಲಿಯ ಸರ್ಕಾರಿ ಜಾಲತಾಣದ ಹುಡುಕಾಟದಲ್ಲೂ ಸಾಮಾನ್ಯವಾಗಿ ಕಾಣುವುದಿಲ್ಲ. ಅದೇ ವರ್ಷದ ಕಾನೂನು ದೊಡ್ಡ ಬಾಡಿಗೆ ಸಂಸ್ಥೆಗಳು ರೀಕಾಲ್ ಬಾಕಿಯಿರುವ ವಾಹನವನ್ನು ಬಾಡಿಗೆಗೆ ಕೊಡದಂತೆಯೂ ತಡೆಯಿತು. ಹೊಸ ವಾಹನವನ್ನು ಹಾಗೆ ಮಾರುವಂತಿಲ್ಲ. ಸೆಕೆಂಡ್ ಹ್ಯಾಂಡ್ ವಾಹನ ಮಾರುವುದಕ್ಕೆ ಮಾತ್ರ ಅಂಥ ರಾಷ್ಟ್ರವ್ಯಾಪಿ ನಿಷೇಧವಿಲ್ಲ. ಎರಡು ದಿನಕ್ಕೆ ಬಾಡಿಗೆಗೆ ಪಡೆದವನಿಗೆ ಸಿಗುವ ರಕ್ಷಣೆ ಹತ್ತು ವರ್ಷ ಓಡಿಸಲೆಂದು ಕೊಂಡವನಿಗೆ ಸಿಗುವುದಿಲ್ಲ. ನಿಷೇಧ ಬಂದರೆ ಹಳೆಯ ವಾಹನಗಳ ಬೆಲೆ ಬಿದ್ದು, ಬಿಡಿಭಾಗ ಬರುವ ತನಕ ಮಾರಲಾಗದೆ ಬಡ ಮಾಲೀಕರಿಗೇ ನಷ್ಟವಾಗುತ್ತದೆ ಎಂಬ ವಾದದಲ್ಲಿ ಹುರುಳಿದೆ, ಒಪ್ಪುತ್ತೇನೆ. ಹಾಗಾದರೆ ಮಾರಾಟವನ್ನು ತಡೆಯುವುದು ಬೇಡ. ಹೆಸರು ವರ್ಗಾವಣೆಯ ಕಾಗದದ ಮೇಲೆ ಬಾಕಿಯಿರುವ ರೀಕಾಲ್‌ಗಳನ್ನು ಅಚ್ಚು ಹಾಕಿ ಕೊಳ್ಳುವವನಿಂದ ಸಹಿ ಪಡೆಯಲಿ, ಹೊಸ ವಿಳಾಸ ಅಲ್ಲಿಂದಲೇ ತಯಾರಕರಿಗೆ ಹೋಗಲಿ. ವಾಹನದ ಮೇಲೆ ಸಾಲವಿದ್ದರೆ ದಾಖಲೆಯಲ್ಲಿ ನಮೂದಿಸುವ ವ್ಯವಸ್ಥೆ ಇರುವಾಗ, ಪ್ರಾಣಕ್ಕೆ ಸಂಬಂಧಿಸಿದ ಬಾಕಿಯನ್ನು ನಮೂದಿಸುವುದು ಅಸಾಧ್ಯದ ಕೆಲಸವೇನಲ್ಲ.

ನನ್ನ ಏರ್‌ಬ್ಯಾಗಿನ ಇನ್‌ಫ್ಲೇಟರ್ ಒಂದೇ ಬೆಳಿಗ್ಗೆಯಲ್ಲಿ ಬದಲಾಯಿತು, ಹಣ ಕೇಳಲಿಲ್ಲ. ಹಾಕಿದ್ದು ಶಾಶ್ವತ ಪರಿಹಾರವೋ ತಾತ್ಕಾಲಿಕವೋ ಎಂದು ಕೇಳಿ, ರಸೀತಿಯ ಮೇಲೆ ಬರೆಸಿಕೊಂಡೆ. ಕೌಂಟರಿನಲ್ಲಿದ್ದವರಿಗೆ ಈ ಪ್ರಶ್ನೆ ವಿಚಿತ್ರವೆನಿಸಿತೆಂದು ತೋರುತ್ತದೆ. ಬ್ರೇಕಿನ ಘಟಕಕ್ಕೆ ಬೇಕಾದ ಭಾಗ ಇನ್ನೂ ಬಂದಿಲ್ಲ. ಬರುವವರೆಗೆ ಗಾಡಿಯನ್ನು ಮನೆಯ ಗೋಡೆಯಿಂದ ದೂರ, ಬಿಸಿಲಿನಲ್ಲೇ ನಿಲ್ಲಿಸುತ್ತಿದ್ದೇನೆ.