ನಿಂತ ಗಾಡಿಯ ಲೆಕ್ಕ ಯಾರು ಕೊಡುತ್ತಾರೆ?

ಇವತ್ತು ಬೆಳಿಗ್ಗೆ ಬಳ್ಳಾರಿಯಲ್ಲಿ ಒಬ್ಬ ಲಾರಿ ಮಾಲೀಕರ, ಅಂದರೆ ಸಾವ್ಕಾರರ ಆಫೀಸಿಗೆ ಹೋಗಿದ್ದೆ. ನಾನು ಲಾರಿ ಲೆಕ್ಕ ಬರೆಯೋನು ಅಂತ ನಿಮಗೆ ಗೊತ್ತೇ ಇದೆ. "ಇನ್ಮುಂದೆ ಡ್ರೈವರ್‌ಗೆ ಬಾಡಿಗೆ ಮ್ಯಾಲೆ ಪರ್ಸೆಂಟ್ ಬೇಡ ತಮ್ಮಾ, ಅಮೆರಿಕದಾಗ ಇರೋ ಹಂಗ ಗಾಡಿ ಓಡಿದಷ್ಟು ಕಿಲೋಮೀಟರಿಗೆ ರೊಕ್ಕ ಕೊಡ್ತೀನಿ" ಅಂದರು. ಡ್ರೈವರ್‌ಗಳು ಎದುರಿಗೇ ನಿಂತಿದ್ದರು. ಒಬ್ಬರೂ ತುಟಿ ಬಿಚ್ಚಲಿಲ್ಲ. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಪರ್ಸೆಂಟ್ ಬಹಳ ಚೆನ್ನಾಗಿದೆ ಅಂತ ನಾನು ಹೇಳೋದಿಲ್ಲ. ಬಾಡಿಗೆ 40,000 ಅಂದುಕೊಳ್ಳಿ, ಡ್ರೈವರ್‌ಗೆ ನೂರಕ್ಕೆ 12. ಪೂರ್ತಿ ಬಾಡಿಗೆ ಮೇಲೆ ಹಾಕಿದರೆ 4,800. ಡೀಸೆಲ್, ಟೋಲ್, ಕಮಿಷನ್, ಹಮಾಲಿ ಎಲ್ಲಾ ಸೇರಿ 24,500 ಕಳೆದು, ಉಳಿದಿದ್ದಕ್ಕೆ ಹಾಕಿದರೆ 1,860. ಅದೇ ದಾರಿ, ಅದೇ ನಿದ್ದೆಗೇಡು. ಯಾವುದರ ಮೇಲೆ ಪರ್ಸೆಂಟ್ ಅಂತ ಬಾಯಿಮಾತಲ್ಲಿ ಹೇಳಿರುತ್ತಾರೆ, ಬಾಡಿಗೆ ಬಿಲ್ಲನ್ನು ಡ್ರೈವರ್ ಕಣ್ಣಿಗೆ ತೋರಿಸೋರು ಎಷ್ಟು ಜನ? ಇನ್ನು ಅದಿರಿಗೆ ಬಾಡಿಗೆ ಟನ್ ಲೆಕ್ಕ. ಪರ್ಸೆಂಟ್ ಆಸೆಗೆ ಜಾಸ್ತಿ ಹೇರಿಕೊಂಡು ಸಿಕ್ಕಿಬಿದ್ದರೆ 20,000 ದಂಡ, ಮೇಲೆ ಹೆಚ್ಚುವರಿ ಟನ್ನಿಗೆ 2,000.

ಆದರೆ ಕಿಲೋಮೀಟರ್ ಲೆಕ್ಕ ಇದಕ್ಕೆ ಮದ್ದಾ? ಸಂಡೂರಿನಿಂದ ಹೊಸಪೇಟೆಗೆ ದಾರಿ 30 ಕಿಲೋಮೀಟರ್ ಆಸುಪಾಸು. ಗಣಿ ಗೇಟಿನಲ್ಲಿ ಸಾಲು, ಖಾಲಿ ಗಾಡಿಯ ಕಾಟಾ (ತೂಕ), ಲೋಡಿಂಗ್, ತುಂಬಿದ ಕಾಟಾ, ಪರ್ಮಿಟ್, ತಾಡಪಾಲು ಕಟ್ಟೋದು, ಇಳಿಸೋ ಕಡೆ ಮತ್ತೆ ಸಾಲು. ಗಾಡಿ ಓಡೋದು ಒಂದೆರಡು ಗಂಟೆ, ನಿಲ್ಲೋದು ಇಡೀ ದಿನ. ಮುಂದಿನ ಗಾಡಿ ಹತ್ತಡಿ ಸರಿದರೆ ಇವನೂ ಹತ್ತಡಿ ಸರಿಸಬೇಕು, ಮಲಗೋ ಹಾಗಿಲ್ಲ. ಕೆಂಪು ಧೂಳು ಕ್ಯಾಬಿನ್ ಒಳಗೆ ಬಂದು ನೀರಿನ ಬಾಟಲಿ ಮೂತಿಗೂ ಕೂತಿರುತ್ತದೆ. ಆ ಹೊತ್ತಿಗೆ ಮೀಟರ್ ತಿರುಗಲ್ಲ, ಹಾಗಾಗಿ ಕೂಲಿಯೂ ಇಲ್ಲ. ಇದು ನ್ಯಾಯವಾ?

ಅಮೆರಿಕದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಲ್ಲಿ ಮೈಲಿಗೆ ಇಷ್ಟು ಸೆಂಟ್ ಅಂತ ಕೊಡೋದು ನಿಜ. ಲೋಡಿನ ಬಾಡಿಗೆಯಲ್ಲಿ ಪರ್ಸೆಂಟ್ ಕೊಡೋರೂ ಇದ್ದಾರೆ. ಅಲ್ಲಿನ ಲೋಡು ಎಷ್ಟೋ ರಾಜ್ಯ ದಾಟಿ ಹೋಗುತ್ತದೆ, ಮೈಲಿ ಲೆಕ್ಕಕ್ಕೆ ಅರ್ಥ ಇದೆ. ಆದರೂ ಗೇಟಲ್ಲಿ ಕಾಯುವ ಮೊದಲ ಎರಡು ಗಂಟೆಗೆ ಸಾಮಾನ್ಯವಾಗಿ ಏನೂ ಸಿಗಲ್ಲ. ಓಡಿಸೋದಕ್ಕೆ 11 ಗಂಟೆಯ ಮಿತಿ, ಡ್ಯೂಟಿ ಶುರುವಾಗಿ 14 ಗಂಟೆ ಆದ ಮೇಲೆ ಓಡಿಸುವಂತಿಲ್ಲ. ಕಾದ ಹೊತ್ತು ಆ 14 ಗಂಟೆಯಲ್ಲೇ ಹೋಗುತ್ತದೆ, ಮೈಲಿಯೂ ಹೋಗುತ್ತದೆ. ಅಲ್ಲಿಯ ಡ್ರೈವರ್‌ಗಳ ದೊಡ್ಡ ಗೋಳೇ ಇದು. ಆ ಗೋಳನ್ನು ನಮ್ಮೂರಿಗೂ ತರಬೇಕಾ?

ಗಾಡಿ ನಿಂತರೆ ಸಾವ್ಕಾರರಿಗೂ ನಷ್ಟ, ಕಂತು ನಿಲ್ಲಲ್ಲ ಅಂತಾರೆ. ಒಪ್ಪಿದೆ. ಆದರೆ ಸರಕಿನ ಪಾರ್ಟಿಯಿಂದ ಗಾಡಿ ನಿಂತಿದ್ದಕ್ಕೆ ಹಾಲ್ಟಿಂಗ್ ಅಂತ ದುಡ್ಡು ವಸೂಲಿ ಮಾಡ್ತಾರಲ್ಲ, ಅದರಲ್ಲಿ ಡ್ರೈವರ್ ಪಾಲು ಎಷ್ಟು? ಲೆಕ್ಕದ ಪುಸ್ತಕದಲ್ಲಿ ಆ ಸಾಲು ನಾನೇ ಬರೆಯುತ್ತೇನೆ. ಎಷ್ಟೋ ಕಡೆ ಡ್ರೈವರ್ ಹೆಸರಿನ ಮುಂದೆ ಒಂದು ರೂಪಾಯಿಯೂ ಇರಲ್ಲ. ಕಾದವನು ಅವನು, ದುಡ್ಡು ಇನ್ನೊಬ್ಬರಿಗೆ.

ನಮ್ಮಪ್ಪ ಗಂಗಾವತಿಯ ಅಕ್ಕಿ ಹೇರಿಕೊಂಡು ಹೋಗೋರು. ಇಳಿಸೋಕೆ ಪಾಳಿ ಸಿಗದೆ ಊರಾಚೆ ದಿನಗಟ್ಟಲೆ ಗಾಡಿ ನಿಲ್ಲಿಸಿಕೊಂಡು ಕೂತಿರೋರು. ಅಲ್ಲಿಯ ಊಟದ ಖರ್ಚೂ ಕೈಯಿಂದಲೇ. ಅವ್ವ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸೋದನ್ನು ನೋಡಿಕೊಂಡು ಬೆಳೆದವನು ನಾನು. ಈ ವಿಷಯದಲ್ಲಿ ನನಗೆ ತಣ್ಣಗೆ ಮಾತಾಡೋಕೆ ಆಗಲ್ಲ.

1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ 2025ರವರೆಗೆ ಇತ್ತು. ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಕಡೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಮೇಲಿನ ದುಡಿಮೆಗೆ ಎರಡು ಪಟ್ಟು ಕೂಲಿ. ಈಗ ಅದರ ಜಾಗಕ್ಕೆ ಬಂದ ಕಾರ್ಮಿಕ ಸಂಹಿತೆಯಲ್ಲೂ, ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ, ದಿನಕ್ಕೆ 8 ಗಂಟೆ, ಮೇಲಿನದಕ್ಕೆ ಎರಡು ಪಟ್ಟು. ಇದನ್ನು ಸಾವ್ಕಾರರ ಎದುರಿಗೇ ಹೇಳಿದೆ. "ಲಾರಿ ಲೈನಿಗೆ ಅದೆಲ್ಲ ನಡೆಯಂಗಿಲ್ಲ" ಅಂದರು. ಯಾಕೆ ನಡೆಯಲ್ಲ?

ಪರ್ಸೆಂಟ್ ಕೊಡಿ, ಇಲ್ಲಾ ಕಿಲೋಮೀಟರ್ ಲೆಕ್ಕ ಕೊಡಿ, ಯಾವುದಾದರೂ ಸರಿ, ನಿಂತ ಗಂಟೆಗೆ ಬೇರೆ ಕೂಲಿ ಬರೆದುಕೊಡಿ. ಖಾಲಿ ವಾಪಸ್ ಬರೋ ದಾರಿಗೂ ಕೊಡಿ. ಡ್ರೈವರ್ ಅಣ್ಣಂದಿರೇ, ಗೇಟ್ ಪಾಸಿನಲ್ಲೂ ಕಾಟಾ ಚೀಟಿಯಲ್ಲೂ ಟೈಮ್ ಇರುತ್ತದೆ. ಆಫೀಸಿಗೆ ಕೊಡೋ ಮುಂಚೆ ಎರಡರದ್ದೂ ಫೋಟೋ ತೆಗೆದಿಟ್ಟುಕೊಳ್ಳಿ. ಲೆಕ್ಕ ಬರೆಯೋಕೆ ನಾನಿದ್ದೇನೆ, ದುಡ್ಡು ಬೇಡ.