ನನ್ನ ಕಾರು ಜಿಟಿಒ ಅಲ್ಲ, ಆಗುವುದೂ ಇಲ್ಲ

ಕಳೆದ ವಾರ ಗ್ಯಾರೇಜಿನ ಫೋಟೊ ಹಾಕಿದ್ದೇ ತಡ, ಒಂದೇ ಸಲಹೆ ಏಳು ಜನರಿಂದ ಬಂತು. "ಇಷ್ಟೆಲ್ಲ ಮಾಡಿದ್ದೀರಿ, ಜಿಟಿಒ ಎಂಬ ಮೂರು ಅಕ್ಷರವನ್ನೂ ಅಂಟಿಸಿಬಿಡಿ, ಯಾರಿಗೆ ಗೊತ್ತಾಗುತ್ತದೆ?" ಒಬ್ಬೊಬ್ಬರಿಗೂ ಉತ್ತರ ಬರೆದು ಸಾಕಾಯಿತು. ಇಲ್ಲಿಯೇ ಒಮ್ಮೆ ಹೇಳಿ ಮುಗಿಸುತ್ತೇನೆ.

ನನ್ನದು 1965ರ ಪಾಂಟಿಯಾಕ್ ಲೆಮಾನ್ಸ್, ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಹಳೆಯ ಕಾರು. ಜಿಟಿಒ ಎಂಬುದು ಇದೇ ಕಾರಿನ ದೊಡ್ಡ ಎಂಜಿನ್ನಿನ, ಹೆಚ್ಚು ಬೆಲೆಯ ರೂಪ. ಎರಡು ಬಾಗಿಲು, 326 ಘನ ಅಂಗುಲದ ವಿ8 ಎಂಜಿನ್, ಅಂದರೆ ನಮ್ಮ ಲೆಕ್ಕದಲ್ಲಿ 5.3 ಲೀಟರ್, 250 ಅಶ್ವಶಕ್ತಿ. ಮೂರು ಚಳಿಗಾಲದಿಂದ ಮಿಷಿಗನ್ನಿನ ಈ ಮನೆಯ ಗ್ಯಾರೇಜಿನಲ್ಲಿ ಅದರ ಕೆಳಗೇ ಮಲಗಿದ್ದೇನೆ. (ಅಮ್ಮ ಊರಿನಲ್ಲಿ "ಮಗ ರಜೆ ದಿನವೆಲ್ಲ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ" ಎಂದು ಹೇಳಿದ್ದಕ್ಕೆ, ನೌಕರಿ ಹೋಯಿತೇ ಎಂದು ಸೋದರಮಾವ ಗಾಬರಿಯಿಂದ ಫೋನ್ ಮಾಡಿದ್ದರು. ನಮ್ಮ ಕಡೆ ಗ್ಯಾರೇಜ್ ಎಂದರೆ ಮೇಸ್ತ್ರಿಯ ಅಂಗಡಿ ತಾನೆ.)

ಲೆಮಾನ್ಸಿಗೂ ಜಿಟಿಒಗೂ ಇರುವ ನಂಟು ಸ್ವಲ್ಪ ವಿಚಿತ್ರ. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದು ಎಂದು ಜನರಲ್ ಮೋಟರ್ಸ್‌ನ ಮೇಲಿನವರು ಕಟ್ಟಪ್ಪಣೆ ಮಾಡಿದ್ದರು. ಪಾಂಟಿಯಾಕ್‌ನ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಜೊತೆಗಾರರಿಗೆ ದೊಡ್ಡ ಕಾರಿನ 389 ಘನ ಅಂಗುಲದ ಎಂಜಿನ್ನನ್ನು ಈ ಸಣ್ಣ ಮೈಯೊಳಗೆ ಕೂರಿಸುವ ಹಟ. ಹೊಸ ಮಾದರಿ ಎಂದರೆ ಮೇಲಿನವರ ಒಪ್ಪಿಗೆ ಬೇಕು. ಇದ್ದ ಮಾದರಿಗೆ ಹೆಚ್ಚುವರಿ ಸಾಮಾನು ಎಂದರೆ ಬೇಡ. ಹಾಗಾಗಿ 1964ರಲ್ಲಿ ಜಿಟಿಒ ಹುಟ್ಟಿದ್ದು ಲೆಮಾನ್ಸ್ ಕೊಳ್ಳುವವರು ಮೇಲೆ ಹಣ ಕೊಟ್ಟು ಹಾಕಿಸಿಕೊಳ್ಳುವ ಹೆಚ್ಚುವರಿ ಸಾಮಾನುಗಳ ಒಂದು ಪ್ಯಾಕೇಜಾಗಿ. ಐದು ಸಾವಿರ ಹೋದರೆ ಹೆಚ್ಚು ಎಂದುಕೊಂಡಿದ್ದರು, ಆ ವರ್ಷ ಹೋದದ್ದು 32,450. ಮರುವರ್ಷ 75,352. ಸಣ್ಣ ಮೈಯಲ್ಲಿ ದೊಡ್ಡ ಎಂಜಿನ್ ಕೂರಿಸಿದ ಮಸಲ್ ಕಾರುಗಳ ಕಾಲ ಶುರುವಾದದ್ದು ಇಲ್ಲಿಂದಲೇ ಎಂದು ಹೇಳುವವರೇ ಹೆಚ್ಚು.

ಈ ಉಪಾಯದ ಬಾಲ ಇಂದಿಗೂ ಉಳಿದಿದೆ. 1965ರ ಮಾದರಿಯಲ್ಲಿ ಎರಡರ ಗುರುತಿನ ಸಂಖ್ಯೆಯೂ 237 ಎಂದೇ ಶುರುವಾಗುತ್ತದೆ. ಜಿಟಿಒಗೆ ತನ್ನದೇ 242 ಸಿಕ್ಕಿದ್ದು 1966ರಲ್ಲಿ. 326 ಮತ್ತು 389 ಎಂಜಿನ್‌ಗಳು ಹೊರಗಿನಿಂದ ಅವಳಿಜವಳಿ, ಒಳಗಿನ ಸಿಲಿಂಡರಿನ ಅಗಲವಷ್ಟೇ ಬೇರೆ. ಬಾನೆಟ್, ಮುಂದಿನ ಜಾಲರಿ, ಅಕ್ಷರಗಳು ಎಲ್ಲವೂ ಹೊಸದಾಗಿಯೇ ಸಿಗುತ್ತವೆ. ಒಂದು ವಾರಾಂತ್ಯದಲ್ಲಿ ಲೆಮಾನ್ಸ್ ಜಿಟಿಒ ಆಗುತ್ತದೆ, ಬೆಲೆಯೂ ಜಿಗಿಯುತ್ತದೆ. ನಿಜ ತಿಳಿಯಬೇಕಾದರೆ ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್ ಎಂಬಲ್ಲಿಗೆ ಸಂಖ್ಯೆ ಕಳಿಸಿ, ಕಾರ್ಖಾನೆಯಿಂದ ಹೊರಟಾಗಿನ ಬಿಲ್ಲಿನ ಪ್ರತಿ ತರಿಸಬೇಕು. ನಾನು ತರಿಸಿದೆ. ಲೆಮಾನ್ಸ್, 326, ಎರಡು ಗೇರಿನ ಆಟೊಮ್ಯಾಟಿಕ್, ಒಂದು ರೇಡಿಯೊ. ಯಾರೋ ಆಫೀಸಿಗೆ ಹೋಗಿ ಬರಲು ಕೊಂಡ ಕಾರು.

ಈಗ ಪುಟ್ಟಿಯ, ಅಂದರೆ ತಗಡಿನ ತೂತು ಮುಚ್ಚಲು ಮೆತ್ತುವ ಲೇಪದ ಕಥೆ. ಕಾರು ಕೊಂಡಾಗ ಹೊರಮೈ ಕನ್ನಡಿಯಂತಿತ್ತು. ಮನೆಗೆ ತಂದ ಮೇಲೆ ಫ್ರಿಜ್ಜಿನ ಬಾಗಿಲಿಗೆ ಅಂಟಿದ್ದ ಅಯಸ್ಕಾಂತ ಕಿತ್ತು, ಬಣ್ಣಕ್ಕೆ ಗೀರು ಬೀಳದಂತೆ ಬಟ್ಟೆ ಸುತ್ತಿ, ಬಾಗಿಲಿನಿಂದ ಹಿಂದಕ್ಕೆ ಸರಿಸುತ್ತ ಹೋದೆ. ಹಿಂದಿನ ಚಕ್ರದ ಕಮಾನಿನ ತನಕ ಕಚ್ಚಿಕೊಂಡೇ ಬಂತು. ಅಲ್ಲಿಂದ ಒಂದು ಗೇಣು ಮುಂದೆ ಹೋದದ್ದೇ ಟಪ್ಪೆಂದು ನೆಲಕ್ಕೆ ಬಿತ್ತು. ಉಳಿ ಹಿಡಿದು ಕೆರೆದೆ. ಅರ್ಧ ಅಂಗುಲ ದಪ್ಪದ ಪುಟ್ಟಿ, ಅದರ ಹಿಂದೆ ಕೋಳಿಗೂಡಿಗೆ ಹಾಕುವ ತಂತಿಬಲೆ, ಅದರ ಹಿಂದೆ ಮುದುರಿ ತುರುಕಿದ ದಿನಪತ್ರಿಕೆ. ಬಿಡಿಸಿ ಓದಿದರೆ ಬಳಸಿದ ಟೈರುಗಳ ಜಾಹೀರಾತು! ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಸುರಿಯುವ ಉಪ್ಪು ತಗಡನ್ನು ಎಂದೋ ತಿಂದು ಮುಗಿಸಿತ್ತು.

ಕಾರು ಮಾರಿದವರಿಗೆ ಫೋನ್ ಮಾಡಿದೆ. ಅವರು ಪ್ರಾಮಾಣಿಕರೇ; ಅವರೂ ಹಾಗೆಯೇ ಕೊಂಡಿದ್ದರಂತೆ, ಬರೀ ಹೊಳಪು ನೋಡಿ. ಪತ್ರಿಕೆ ತುರುಕಿದವನು ತನ್ನ ಗಿರಾಕಿಗೆ ನಿಜವನ್ನೇ ಹೇಳಿದ್ದನೇನೋ. ಮಾತು ಮೊದಲ ಕೈಯಲ್ಲೇ ಉಳಿಯಿತು, ಪುಟ್ಟಿ ಮಾತ್ರ ನನ್ನ ಮನೆಗೆ ಬಂತು. "ಮಾರುವಾಗ ಇದು ಅಸಲಿಯಲ್ಲ ಎಂದು ಹೇಳಿದರಾಯಿತು" ಎನ್ನುವವರಿಗೆ ನಾನು ಹೇಳುವುದು ಇದನ್ನೇ. ನೀವು ಹೇಳುತ್ತೀರಿ, ನಿಮ್ಮಿಂದ ಕೊಂಡವನೂ ಹೇಳಬಹುದು. ಅವನಿಂದ ಕೊಂಡವನು?

ಆ ಜಾಗ ಕತ್ತರಿಸಿ ಹೊಸ ತಗಡು ಹಾಕಲು ನನಗೆ ಇಡೀ ಎರಡನೆಯ ಚಳಿಗಾಲ ಹಿಡಿಯಿತು. ವೆಲ್ಡಿಂಗ್ ಎಂದರೆ ಗೆರೆ ಎಳೆಯುವುದು ಎಂದುಕೊಂಡಿದ್ದೆ. ಒಂದೇ ಕಡೆ ಎಳೆದರೆ ಕಾವಿಗೆ ತಗಡು ಕರಿದ ಹಪ್ಪಳದಂತೆ ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ಗೇಣು ಆಚೆ ಇನ್ನೊಂದು, ಆರುವ ತನಕ ಕಾಯಬೇಕು, ಮತ್ತೆ ನಡುವೆ ಒಂದು. ರಂಗೋಲಿಯಂತೆ ಮೊದಲು ಚುಕ್ಕೆ, ಆಮೇಲೆ ಗೆರೆ. ಮೊದಲನೆಯ ತಗಡು ಹಾಳಾಯಿತು. ಗೋಡೆಗೆ ಒರಗಿಸಿ ಇಟ್ಟಿದ್ದೇನೆ, ಕಂಡಾಗಲೆಲ್ಲ ಮುಜುಗರ.

"ಹಾಗಾದರೆ ಬ್ರೇಕ್ ಏಕೆ ಬದಲಿಸಿದಿರಿ, ಅದು ಮೂಲದ್ದಲ್ಲವಲ್ಲ" ಎಂದು ಗೆಳೆಯರೊಬ್ಬರು ಚುಚ್ಚಿದರು. ಹೌದು, ಬದಲಿಸಿದೆ. 1965ರ ಈ ಕಾರಿನ ಮಾಸ್ಟರ್ ಸಿಲಿಂಡರ್‌ಗೆ, ಅಂದರೆ ಪೆಡಲ್ ಒತ್ತಿದಾಗ ಬ್ರೇಕ್ ದ್ರವವನ್ನು ಚಕ್ರಗಳತ್ತ ತಳ್ಳುವ ಭಾಗಕ್ಕೆ, ಒಂದೇ ಕೋಣೆ. ಎಲ್ಲಿಯಾದರೂ ಒಂದು ಕೊಳವೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ. 1967ರ ಮಾದರಿಗಳ ಹೊತ್ತಿಗೆ ಜನರಲ್ ಮೋಟರ್ಸ್ ಎರಡು ಕೋಣೆಯದನ್ನು ಹಾಕತೊಡಗಿತು, ಮುಂದಿನದಕ್ಕೆ ಒಂದು, ಹಿಂದಿನದಕ್ಕೆ ಒಂದು. ಹಿಂದಿನ ಸೀಟಿನಲ್ಲಿ ಮಗಳು ಕೂರುತ್ತಾಳೆ. ಬಾನೆಟ್ ಎತ್ತಿದರೆ ಅದು ಹೊಸದೆಂದು ಯಾರಿಗೂ ಕಾಣುತ್ತದೆ, ನಾನೂ ಮುಚ್ಚಿಡುವುದಿಲ್ಲ.

ನನ್ನ ವಿರುದ್ಧ ನಿಜವಾಗಿ ಬಲವಾದ ವಾದ ಬೇರೆಯೇ ಇದೆ, ಅದನ್ನು ಯಾರೂ ಎತ್ತಲಿಲ್ಲ. ಜಿಟಿಒ ಎಂಬ ಹೆಸರೇ ಫೆರಾರಿಯಿಂದ ಎತ್ತಿಕೊಂಡದ್ದು. ಇಟಲಿಯಲ್ಲಿ ಅದಕ್ಕೆ ರೇಸಿಗಾಗಿ ಅಂಗೀಕಾರವಾದ ಕಾರು ಎಂಬ ಅರ್ಥವಿತ್ತು, ಪಾಂಟಿಯಾಕ್‌ನದು ಅಂಥದ್ದಲ್ಲ. ಅಷ್ಟೇ ಅಲ್ಲ, 1963ರಲ್ಲಿ ಇದೇ ಪಾಂಟಿಯಾಕ್ ಮಾರಿದ "326" ಎಂಜಿನ್ ಅಳೆದರೆ 336 ಘನ ಅಂಗುಲ ಇತ್ತು. 330ರ ಮಿತಿಗೆ ಒಗ್ಗಿಸಲು ಮರುವರ್ಷ ನಿಜಕ್ಕೂ 326ಕ್ಕೆ ಇಳಿಸಿದರು. ಕಂಪನಿಯೇ ಸುಳ್ಳು ಅಂಕಿ ಅಂಟಿಸಿದ್ದ ಮೇಲೆ ನನ್ನದೇನು ಮಡಿ ಎಂದು ಕೇಳಬಹುದಿತ್ತು. ಕೇಳಿದ್ದರೆ ಇಷ್ಟು ಹೇಳುತ್ತಿದ್ದೆ: ಆ ಸುಳ್ಳಿನಲ್ಲಿ ಕೊಂಡವನಿಗೆ ಹೇಳಿದ್ದಕ್ಕಿಂತ ಹತ್ತು ಅಂಗುಲ ಹೆಚ್ಚೇ ಸಿಕ್ಕಿತು. ನನ್ನದಕ್ಕೆ ಜಿಟಿಒ ಎಂದು ಬರೆದರೆ ಅರವತ್ತಮೂರು ಅಂಗುಲ ಕಡಿಮೆ.

ಪಕ್ಕದ ಮನೆಯ ಹಿರಿಯರು ಪಾಂಟಿಯಾಕ್ ಊರಿನ ಕಾರ್ಖಾನೆಯಲ್ಲಿ ದುಡಿದವರು. ಆ ಬ್ರಾಂಡೇ 2010ರಲ್ಲಿ ಮುಚ್ಚಿತು, ಊರು ಮಾತ್ರ ಇದೆ. ಮೊನ್ನೆ ಕಾಫಿ ಲೋಟ ಹಿಡಿದು ಬಂದು, ಹೊಸ ತಗಡಿನ ಅಂಚಿನ ಮೇಲೆ ಹೆಬ್ಬೆರಳು ಎಳೆದು, ಒಂದು ಕಡೆ ನಿಲ್ಲಿಸಿ, "ಇಲ್ಲಿ ಇನ್ನೂ ಉಬ್ಬಿದೆ" ಎಂದರು. ಹೆಸರಿನ ವಿಷಯ ಅವರು ಎತ್ತಲೇ ಇಲ್ಲ.

ಆಗಸ್ಟ್‌ನ ಮೂರನೆಯ ಶನಿವಾರ ವುಡ್‌ವರ್ಡ್ ಅವೆನ್ಯೂದಲ್ಲಿ ನಡೆಯುವ ಹಳೆಯ ಕಾರುಗಳ ಮೆರವಣಿಗೆ ಡ್ರೀಮ್ ಕ್ರೂಸ್‌ಗೆ ಒಯ್ಯುವ ಆಸೆಯಿದೆ. ಅದಕ್ಕೆ ಮೊದಲು ಬ್ರೇಕ್ ಕೊಳವೆಗಳಿಂದ ಗಾಳಿ ತೆಗೆಯಬೇಕು. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ಸ್ಪ್ಯಾನರ್ ತಿರುಗಿಸಬೇಕು. ಹೆಂಡತಿ ಕಳೆದ ಸಲವೇ ಕೈಮುಗಿದಿದ್ದಾಳೆ. ಈ ಭಾನುವಾರ ಬೆಳಿಗ್ಗೆ ಬಿಡುವಿರುವ ಡೆಟ್ರಾಯ್ಟ್ ಕಡೆಯ ಕನ್ನಡಿಗರು ಯಾರಾದರೂ ಬನ್ನಿ. ಬಿಸಿಬೇಳೆಬಾತ್ ಇರುತ್ತದೆ. ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ.