ಮಾವನ ಅಂಗಡಿ ಗೋಡೆ ಮೇಲಿನ ಅಂಕಿಗಳು

ಹೋದ ವಾರ ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪನ ಮಗ ಕೇಳಿದ: "ಅಣ್ಣಾ, ಕೇರಳದವರು ಲಾಟರಿಯಿಂದ ಅಷ್ಟು ದುಡ್ಡು ಮಾಡ್ತಾರೆ. ನಮ್ಮಲ್ಲೂ ಮತ್ತೆ ಶುರು ಮಾಡಿದ್ರೆ ಏನು ತಪ್ಪು?" ಒಂದೆರಡು ಸಾಲಲ್ಲಿ ಮುಗಿಯುವ ಉತ್ತರ ಅಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಸೋದರಮಾವ ಟೈಲರ್. 1996ರ ಹೊತ್ತಿಗೆ ಅವರ ಅಂಗಡಿ ನಮ್ಮೂರ ಬಸ್ ಸ್ಟ್ಯಾಂಡ್ ಪಕ್ಕ ಇತ್ತು. ಎದುರಿಗೇ ಲಾಟರಿ ಅಂಗಡಿ. ಆಗ ಒಂದಂಕಿ ಲಾಟರಿಯ ಕಾಲ. ಸೊನ್ನೆಯಿಂದ ಒಂಬತ್ತರೊಳಗೆ ಒಂದು ಅಂಕಿ ಹಿಡಿದರೆ ಸಾಕು, ಅವತ್ತೇ ರಿಸಲ್ಟ್. ಬಟ್ಟೆಗೆ ಗುರುತು ಹಾಕುವ ಚಾಕಿನಲ್ಲೇ ಮಾವ ಮಷಿನ್ ಹಿಂದಿನ ಗೋಡೆ ಮೇಲೆ ಬಂದ ಅಂಕಿಗಳನ್ನೆಲ್ಲ ಬರೆದಿಡುತ್ತಿದ್ದರು. ಏಳು ಬಂದು ಎಷ್ಟು ದಿನ ಆಯ್ತು, ಮೂರು ಎಷ್ಟು ಸಲ ಬಂತು, ಇದೇ ಲೆಕ್ಕ. ಹತ್ತರಲ್ಲಿ ಒಂದು ಸಲ ಹೊಡೆಯುತ್ತಲೂ ಇತ್ತು. ಆ ದುಡ್ಡು ಮನೆ ಮುಟ್ಟುತ್ತಿರಲಿಲ್ಲ, ಮುಂದಿನ ಡ್ರಾಗೆ ಹೋಗುತ್ತಿತ್ತು. ಆ ವರ್ಷ ದೀಪಾವಳಿಗೆ ಗಿರಾಕಿಗಳ ಬಟ್ಟೆ ಕತ್ತರಿಸಿ ಇಟ್ಟ ಹಾಗೇ ಬಿದ್ದಿತ್ತು. ಎರಡನೇ ಮಷಿನ್ ಮಾರಿದ ದಿನ ಅತ್ತೆ ಒದ್ದೆ ಬಟ್ಟೆ ತಂದು ಆ ಗೋಡೆ ಒರೆಸಿದರು. ಬಿಳಿ ಕಲೆ ಪೂರ್ತಿ ಹೋಗಲಿಲ್ಲ.

ಅವತ್ತಿನಿಂದ ಲಾಟರಿ ಅಂದರೆ ನಾನು ಮೊದಲು ನೋಡುವುದು ಡ್ರಾ ಎಷ್ಟು ದಿನಕ್ಕೊಮ್ಮೆ ಅಂತ.

ಸ್ಪೇನ್‌ನಲ್ಲಿ 1812ರಿಂದ ಕ್ರಿಸ್‌ಮಸ್ ಲಾಟರಿ ಇದೆ. ಈಗ ವರ್ಷಕ್ಕೊಮ್ಮೆ, ಡಿಸೆಂಬರ್ 22ಕ್ಕೆ ಡ್ರಾ. ಮ್ಯಾಡ್ರಿಡ್‌ನ ಸ್ಯಾನ್ ಇಲ್ದೆಫಾನ್ಸೊ ಶಾಲೆಯ ಮಕ್ಕಳು ನಂಬರನ್ನೂ ಬಹುಮಾನವನ್ನೂ ರಾಗವಾಗಿ ಹಾಡಿ ಹೇಳುತ್ತಾರೆ. ಒಂದೇ ನಂಬರಿನ ತುಂಡು ಟಿಕೆಟ್‌ಗಳನ್ನು ಆಫೀಸಿನವರು, ಬೀದಿಯವರು ಹಂಚಿಕೊಳ್ಳುತ್ತಾರೆ. ತುಂಡಿಗೆ 20 ಯೂರೋ. ಬಂದ ದುಡ್ಡಲ್ಲಿ 70 ಪರ್ಸೆಂಟ್ ಬಹುಮಾನಕ್ಕೇ ಹೋಗುತ್ತದೆ. ಸೋತವನು ಮತ್ತೆ ಇದೇ ಡ್ರಾಗೆ ಟಿಕೆಟ್ ತಗೊಳ್ಳಬೇಕಾದರೆ ವರ್ಷ ಕಾಯಬೇಕು. ಇಂಥದ್ದರ ಬಗ್ಗೆ ನನಗೆ ತಕರಾರು ಕಡಿಮೆ.

ಆದರೆ ಸರ್ಕಾರಕ್ಕೆ ಈ ದುಡ್ಡಿನ ರುಚಿ ಹತ್ತಿದರೆ ಡ್ರಾ ಜಾಸ್ತಿ ಆಗುತ್ತಾ ಹೋಗುತ್ತವೆ. ಬ್ರಿಟನ್ನಿನ ನ್ಯಾಷನಲ್ ಲಾಟರಿ 1994ರಲ್ಲಿ ಶನಿವಾರಕ್ಕೊಂದು ಡ್ರಾ ಅಂತ ಶುರುವಾಯ್ತು, 1997ಕ್ಕೆ ಬುಧವಾರವೂ ಸೇರಿತು. ಅಮೆರಿಕದ ಪವರ್‌ಬಾಲ್ ಲಾಟರಿಯಲ್ಲಿ ಜಾಕ್‌ಪಾಟ್ ಹೊಡೆಯುವ ಸಾಧ್ಯತೆ 29 ಕೋಟಿ 22 ಲಕ್ಷದಲ್ಲಿ ಒಂದು. ಅದಕ್ಕೂ ವಾರಕ್ಕೆರಡು ಡ್ರಾ ಸಾಲದೆ 2021ರಿಂದ ಮೂರಾಯ್ತು. ಅಲ್ಲಿನ ಕೆಲವು ರಾಜ್ಯಗಳು ನಡೆಸುವ ಕೀನೊ ಅನ್ನುವ ನಂಬರ್ ಆಟದಲ್ಲಂತೂ ಕೆಲವೇ ನಿಮಿಷಕ್ಕೊಂದು ಡ್ರಾ.

ನಮ್ಮ ದೇಶದ 1998ರ ಲಾಟರಿ ಕಾನೂನು ಬರೆದವರಿಗೆ ಇದು ಗೊತ್ತಿತ್ತು ಅನ್ನಿಸುತ್ತದೆ. ಒಂದಂಕಿ ಮೇಲೆ ಬಹುಮಾನ ಕೊಡುವ ಹಾಗಿಲ್ಲ, ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಜಾಸ್ತಿ ಡ್ರಾ ಇಲ್ಲ ಅಂತ ಬರೆದಿದ್ದಾರೆ. ಆಮೇಲೇನಾಯ್ತು? ಕೇರಳದಲ್ಲಿ ವಾರದ ಏಳು ದಿನಕ್ಕೆ ಏಳು ಹೆಸರಿನ ಲಾಟರಿ ಬಂದವು. ಕಾಗದದ ಮೇಲೆ ವಾರಕ್ಕೊಂದೇ. ಕೊಳ್ಳುವವನಿಗೆ ದಿನಾ ಒಂದು.

ಕೇರಳದ ಒಳ್ಳೆಯದನ್ನೂ ಹೇಳಬೇಕು. 1967ರಲ್ಲಿ ಇಲಾಖೆ ಕಟ್ಟಿ, 1968ರ ಜನವರಿ 26ಕ್ಕೆ ಮೊದಲ ಡ್ರಾ ಮಾಡಿದರು. ಟಿಕೆಟ್ಟಿಗೆ 1 ರೂಪಾಯಿ, ಮೊದಲ ಬಹುಮಾನ 50 ಸಾವಿರ. ಟಿಕೆಟ್ ಮಾರಿ ಬದುಕುವ ಅಂಗವಿಕಲರು, ವಯಸ್ಸಾದವರು ಅಲ್ಲಿ ಎಷ್ಟೋ ಜನ. ಕಾರುಣ್ಯ ಲಾಟರಿ ದುಡ್ಡಲ್ಲಿ ಬಡ ರೋಗಿಗಳ ಚಿಕಿತ್ಸೆಗೆ ನೆರವೂ ಸಿಕ್ಕಿದೆ. ಆದರೆ ದಿನಾ ಆ ಟಿಕೆಟ್ ಕೊಳ್ಳುವವನೂ ಕೂಲಿಯವನೇ ಅಲ್ವಾ?

2024ರ ಓಣಂ ಬಂಪರಿನ 25 ಕೋಟಿ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂದಾಗ ನಮ್ಮ ಟಿವಿಗಳಲ್ಲಿ ದೊಡ್ಡ ಸುದ್ದಿ. ನನಗೂ ಖುಷಿಯಾಯ್ತು. ಏಜೆಂಟ್ ಕಮಿಷನ್ನು, ತೆರಿಗೆ ಎಲ್ಲ ಕಳೆದರೆ ಕೈಗೆ ಬರುವುದು 13 ಕೋಟಿ ಆಸುಪಾಸು. ಆ ಸಲ ಮಾರಾಟವಾದ ಟಿಕೆಟ್ 70 ಲಕ್ಷಕ್ಕೂ ಜಾಸ್ತಿ, ಒಂದೊಂದಕ್ಕೆ 500 ರೂಪಾಯಿ. ಏನೂ ಬರದ ಲಕ್ಷಾಂತರ ಮನೆಗಳ ಬಾಗಿಲಿಗೆ ಯಾವ ಕ್ಯಾಮೆರಾವೂ ಹೋಗಲಿಲ್ಲ.

ಈಗ ತಮ್ಮನ ಪ್ರಶ್ನೆಗೆ ಬರುತ್ತೇನೆ. ಕರ್ನಾಟಕ 2007ರಲ್ಲಿ ಎಲ್ಲ ಲಾಟರಿ ನಿಲ್ಲಿಸಿತು. ಅದೇ ವರ್ಷ ಸಾರಾಯಿಯೂ ನಿಂತಿತು. ಬೇರೆ ರಾಜ್ಯದ ಲಾಟರಿ ತಡೆಯಬೇಕಾದರೆ ಆ ರಾಜ್ಯ ತಾನೂ ಲಾಟರಿ ನಡೆಸಬಾರದು ಅಂತ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಅಂದರೆ ನಾವು ಸುಮ್ನೆ ಒಂದೇ ಒಂದು ಸಣ್ಣ ಲಾಟರಿ ಶುರು ಮಾಡಿದರೂ ಉಳಿದ ರಾಜ್ಯಗಳ ಟಿಕೆಟ್‌ಗೆಲ್ಲ ಬಾಗಿಲು ತೆರೆದ ಹಾಗೆ. ಕದ್ದುಮುಚ್ಚಿ ನಡೆಯುವ ಮಟ್ಕಾ ಇದ್ದೇ ಇದೆ ಅನ್ನುತ್ತೀರಿ, ನಿಜ. ಅದನ್ನು ಪೊಲೀಸರು ಹಿಡಿಯಲಿ. ಬಸ್ ಸ್ಟ್ಯಾಂಡ್ ಎದುರು ಸರ್ಕಾರದ ಮುದ್ರೆ ಹಾಕಿ ಮಾರುವುದು ಬೇಡ.

ಇನ್ನೊಂದು ಮಾತು. ವಾಟ್ಸಾಪ್‌ನಲ್ಲಿ ಟಿಕೆಟ್ ಫೋಟೋ ಕಳಿಸಿ "ಕೇರಳ ಲಾಟರಿ, ಗೂಗಲ್ ಪೇ ಮಾಡಿ" ಅನ್ನುವವರಿಗೆ ದಯವಿಟ್ಟು ಒಂದು ರೂಪಾಯಿಯನ್ನೂ ಹಾಕಬೇಡಿ. ಕೇರಳ ಮಾರುವುದು ಕಾಗದದ ಟಿಕೆಟ್ ಮಾತ್ರ, ಆನ್‌ಲೈನ್‌ನಲ್ಲಿ ಮಾರುವುದೇ ಇಲ್ಲ. ಹೋದ ತಿಂಗಳು ಅಂಥದ್ದೊಂದು ಮೆಸೇಜ್ ಮಾವನ ಫೋನಿಗೂ ಬಂದಿತ್ತು. ಅತ್ತೆ ಫೋನು ತಂದು ನನ್ನ ಕೈಗೆ ಕೊಟ್ಟರು: "ಇದನ್ನ ಮೊದಲು ಬ್ಲಾಕ್ ಮಾಡಪ್ಪಾ."